ಮನೇಲೇ ನೂಲಿಗೆ ಬಣ್ಣ ಹಾಕೋದು: ಫುಡ್ ಕಲರ್, ಆಸಿಡ್ ಡೈ, ಕಾಟನ್ ಡೈ, ಸಿಪ್ಪೆ-ಬೇರಿನ ಬಣ್ಣ, ನಿಮ್ ಗುಂಪಿಗೆ ಯಾವ್ದು ಸರಿ?

ಕ್ರೋಶಾ ಹಾಕೋರು, ನಿಟ್ಟಿಂಗ್ ಮಾಡೋರು ನಾಲ್ಕು ಜನ ಒಂದ್ಕಡೆ ಕೂತ್ರೆ ಯಾವತ್ತಾದ್ರೂ ಈ ಮಾತು ಬಂದೇ ಬರುತ್ತೆ, ಅಂಗಡೀಲಿ ಸಿಗೋ ಬಣ್ಣ ಎಲ್ಲಾ ಅದದೇ, ನಾವೇ ಯಾಕೆ ಮನೇಲಿ ಹಾಕ್ಕೋಬಾರ್ದು ಅಂತ. ಧಾರಾಳವಾಗಿ ಹಾಕ್ಕೋಬಹುದು. ಆದ್ರೆ ಹೊಸಬರು ಕೇಳೋ ಮೊದಲನೇ ಪ್ರಶ್ನೆ "ಯಾವ ಡೈ ತರಿಸೋಣ" ಅನ್ನೋದು, ಎಡವಟ್ಟು ಶುರುವಾಗೋದೇ ಅಲ್ಲಿ. ಕೈಯಲ್ಲಿರೋ ನೂಲು ಯಾವ್ದು ಅಂತ ಗೊತ್ತಾದ್ರೆ ಅರ್ಧ ತೀರ್ಮಾನ ತಾನಾಗೇ ಆಗೋಗುತ್ತೆ, ಉಳಿದರ್ಧ ನಿಮ್ಮನೇಲಿ ಎಷ್ಟು ಒಲೆ ಇದೆ, ಎಷ್ಟು ಜನ ಬರ್ತಾರೆ, ಬಂದೋರು ಅವತ್ತೇ ನೂಲು ಹಿಡ್ಕೊಂಡು ಮನೆಗೆ ಹೋಗ್ಬೇಕಾ ಅನ್ನೋದ್ರ ಮೇಲೆ ನಿಂತಿದೆ.

ಮೊದ್ಲು ನೂಲು ನೋಡಿ

ನಮ್ ಕಡೆ ಫ್ಯಾನ್ಸಿ ಸ್ಟೋರಿಗೆ ಹೋಗಿ ಉಲ್ಲನ್ ಕೊಡಿ ಅಂದ್ರೆ ಬಹುಪಾಲು ಕೊಡೋದು ಅಕ್ರಿಲಿಕ್. ಬಾಗಿಲ ತೋರಣ, ಮಗೂಗೆ ಟೋಪಿ, ಟೀಪಾಯಿ ಮೇಲೆ ಹಾಸೋದು ಎಲ್ಲಾ ಅದ್ರಲ್ಲೇ ಆಗುತ್ತೆ, ಚೆನ್ನಾಗೂ ಇರುತ್ತೆ, ನಾನೇನು ಅದನ್ನ ಬೈಯಲ್ಲ, ಆದ್ರೆ ಅದು ಪ್ಲಾಸ್ಟಿಕ್ ಜಾತಿ. ಇಲ್ಲಿ ಮುಂದೆ ಹೇಳೋ ಯಾವ ಬಣ್ಣಾನೂ ಅದಕ್ಕೆ ಸರಿಯಾಗಿ ಹಿಡಿಯಲ್ಲ, ಎಷ್ಟು ಕುದಿಸಿದ್ರೂ ತೊಳೆದಾಗ ಸಿಂಕ್ ಪಾಲು. ಹಾಗಾಗಿ ಲೇಬಲ್ ಇಲ್ಲದ ನೂಲು ಇದ್ರೆ ಒಂದು ಬೆರಳುದ್ದ ಕತ್ತರಿಸಿ, ಇಕ್ಕಳದಲ್ಲಿ ಹಿಡ್ಕೊಂಡು, ಸಿಂಕ್ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಿ. ಉಣ್ಣೆ ಅಥವಾ ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ್ರೆ ತಾನಾಗೇ ಆರುತ್ತೆ, ಉಳಿದ ಕರೀದನ್ನ ಬೆರಳಲ್ಲಿ ತಿಕ್ಕಿದ್ರೆ ಪುಡಿಪುಡಿ. ಹತ್ತಿ ಆದ್ರೆ ಪೇಪರ್ ಸುಟ್ಟ ವಾಸನೆ, ಹಗುರವಾದ ಬೂದಿ. ಅಕ್ರಿಲಿಕ್ ಕರಗಿ ಸುರುಟ್ಕೊಂಡು ತುದೀಲಿ ಗಟ್ಟಿ ಕರೀಮಣಿ ಥರ ನಿಲ್ಲುತ್ತೆ, ತಣ್ಣಗಾದ್ಮೇಲೆ ಉಗುರಲ್ಲಿ ಒತ್ತಿದ್ರೂ ಒಡೆಯಲ್ಲ. ಬಿಸಿ ಇರೋವಾಗ ಮಾತ್ರ ಮುಟ್ಬೇಡಿ, ಅಂಟ್ಕೊಂಡು ಸುಡುತ್ತೆ.

ಇದು ಗೊತ್ತಾದ್ಮೇಲೆ ಲೆಕ್ಕ ಸುಲಭ. ಉಣ್ಣೆ, ರೇಷ್ಮೆ ಇವೆರಡು ಪ್ರಾಣಿಯಿಂದ ಬಂದಿದ್ದು, ಇವಕ್ಕೆ ಹುಳಿ ಬೇಕು, ಬಿಸಿ ಬೇಕು. ಅಚ್ಚರಿ ಅಂದ್ರೆ ನೈಲಾನ್ ಕೂಡ ಇದೇ ಗುಂಪಿಗೆ ಸೇರುತ್ತೆ, ಅದಕ್ಕೇ ಸಾಕ್ಸ್ ಹಾಕೋ ಉಣ್ಣೆ-ನೈಲಾನ್ ಮಿಕ್ಸ್ ನೂಲು ಚೆನ್ನಾಗಿ ಬಣ್ಣ ಕುಡಿಯುತ್ತೆ. ಹತ್ತಿ, ಲಿನನ್, ಬಿದಿರಿಂದು ಅಂತ ಮಾರೋ ವಿಸ್ಕೋಸ್ ಇವೆಲ್ಲಾ ಗಿಡದ ಕಡೆಯವು, ಇವಕ್ಕೆ ಸೋಡಾ ಬೇಕು. ಅದಲು ಬದಲು ಮಾಡಿದ್ರೆ ಹತ್ತಿಯಿಂದ ಬಣ್ಣ ಪೂರ್ತಿ ಹೋಗುತ್ತೆ, ಉಣ್ಣೆ ಸೋಡಾದಲ್ಲಿ ಕೂತು ಒರಟಾಗಿ ಹಾಳಾಗುತ್ತೆ.

ಬಂಡೂರು ಕುರಿ ನಮ್ ಮಂಡ್ಯದ್ದೇ ಅಲ್ವಾ, ಅದ್ರ ಉಣ್ಣೆ ತಗೊಳ್ಳೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಆ ಕುರಿ ಹೆಸರು ಮಾಡಿರೋದು ಮಾಂಸಕ್ಕೆ ಕಣ್ರೀ, ಅದ್ರ ಉಣ್ಣೆ ಒರಟು, ಕತ್ತಿಗೆ ಸುತ್ಕೊಳ್ಳೋ ಶಾಲಿಗೆ ಆಗಲ್ಲ. ಮೆತ್ತಗಿರೋ ಮೆರಿನೋ ಉಣ್ಣೆಯ ಬಿಳಿ ಲಡಿ (ಸುತ್ತಿಟ್ಟ ನೂಲಿನ ಕಟ್ಟು) ಆನ್‌ಲೈನಲ್ಲೇ ತರಿಸ್ಬೇಕು. ರೇಷ್ಮೆ ವಿಷಯಾನೂ ಹೀಗೇ, 1912ರಿಂದ ಸಿಲ್ಕ್ ಫ್ಯಾಕ್ಟರಿ ಇರೋ ಮೈಸೂರಲ್ಲಿದ್ದೀವಿ ಅಂದ ಮಾತ್ರಕ್ಕೆ ಮೂಲೆ ಅಂಗಡೀಲಿ ಕ್ರೋಶಾಗೆ ರೇಷ್ಮೆ ನೂಲು ಸಿಗಲ್ಲ. ಸಿಕ್ಕಿದ್ರೂ ಕೇಳ್ಬೇಕಾದ ಮಾತು ಒಂದಿದೆ, ಗೋಂದು ತೆಗೆದಿದ್ದಾ ಅಂತ. ಗೂಡಿಂದ ಬಂದ ಕಚ್ಚಾ ರೇಷ್ಮೆ ಮೇಲೆ ಸೆರಿಸಿನ್ ಅನ್ನೋ ಗೋಂದು ಇರುತ್ತೆ, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅದೇ. ಅದು ಇದ್ದಾಗ ನೂಲು ಸೆಟೆದು ನಿಂತಿರುತ್ತೆ, ಬಣ್ಣ ಅಲ್ಲಲ್ಲಿ ಮೇಲೆ ಮೇಲೆ ಕೂರುತ್ತೆ. ಸೋಪಿನ ನೀರಲ್ಲಿ ಬೇಯಿಸಿ ತೆಗೀಬಹುದು, ಆದ್ರೆ ಮೊದಲ ಸಲಕ್ಕೆ ಅದೆಲ್ಲಾ ತಲೆನೋವು ಬೇಡ, ತೆಗೆದಿರೋದೇ ತಗೊಳ್ಳಿ.

ಫುಡ್ ಕಲರ್

ಉಣ್ಣೆ ಇದೆ, ಗುಂಪಲ್ಲಿ ಚಿಕ್ಕ ಮಕ್ಕಳೂ ಇದಾರೆ, ಒಲೆ ಪಾತ್ರೆ ಎಲ್ಲಾ ಅಡುಗೆದೇ, ಅಂದ್ರೆ ಕಣ್ಮುಚ್ಕೊಂಡು ಇದನ್ನ ಆರಿಸ್ಕೊಳ್ಳಿ. ಜಿಲೇಬಿ, ಕೇಸರಿಬಾತಿಗೆ ಹಾಕೋ ಬಣ್ಣಗಳಲ್ಲಿ ಹೆಚ್ಚಿನವು ಆಸಿಡ್ ಡೈ ಕುಟುಂಬದವೇ, ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿರೋ ಕೃತಕ ಬಣ್ಣ ಎಂಟೇ ಎಂಟು, ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಬ್ರಿಲಿಯಂಟ್ ಬ್ಲೂ ಇತ್ಯಾದಿ, ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ ಓದಿ. ವಿನಿಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಬಿಸಿ ಮಾಡಿದ್ರೆ ಉಣ್ಣೆಗೆ ಗಟ್ಟಿಯಾಗಿ ಕಚ್ಕೊಳ್ಳುತ್ತೆ, ತೊಳೆದ್ರೆ ಹೋಗಲ್ಲ. ಬಿಸಿಲಲ್ಲಿ ದಿನಾ ಒಣಗಿಸಿದ್ರೆ ಮಾತ್ರ ಮಂಕಾಗುತ್ತೆ.

ಇದ್ರಲ್ಲಿ ಇರೋ ತೊಂದರೆ ಅಂದ್ರೆ ಬಣ್ಣ ಎಲ್ಲಾ ಮಕ್ಕಳ ಬರ್ತ್‌ಡೇ ಪಾರ್ಟಿ ಬಣ್ಣ. ತಿಳಿ ಬೂದು, ಇಟ್ಟಿಗೆ, ಪಾಚಿ ಹಸಿರು ಥರದ್ದು ಬೇಕು ಅಂದ್ರೆ ಮಿಕ್ಸ್ ಮಾಡಿ ಮಾಡಿ ಸಾಕಾಗುತ್ತೆ. ಇನ್ನೊಂದು, ಕಪ್ಪು, ನೇರಳೆ ಥರದವು ಎರಡು ಮೂರು ಬಣ್ಣದ ಮಿಶ್ರಣ, ಹುಳಿ ನೀರಿಗೆ ಬಿದ್ದಾಗ ಒಂದೊಂದು ಒಂದೊಂದು ವೇಗದಲ್ಲಿ ನೂಲು ಹಿಡಿಯುತ್ತೆ, ನೇರಳೆ ಹಾಕಿದ್ದು ಒಂದ್ಕಡೆ ಗುಲಾಬಿ ಇನ್ನೊಂದ್ಕಡೆ ನೀಲಿ ಆಗಿ ಬರುತ್ತೆ. ಕೆಲವರಿಗೆ ಇದು ಸಿಟ್ಟು, ನಂಗಂತೂ ಇದೇ ಇಷ್ಟ.

ಆಸಿಡ್ ಡೈ

ಹೆಸರು ಕೇಳಿ ಹೆದರ್ಬೇಡಿ, ಇಲ್ಲಿ ಆಸಿಡ್ ಅಂದ್ರೆ ಅದೇ ವಿನಿಗರ್ ಅಥವಾ ನಿಂಬೆ ಉಪ್ಪು. ಉಣ್ಣೆ, ರೇಷ್ಮೆಗೆ ಇದಕ್ಕಿಂತ ನಂಬಿಕೆಯ ಬಣ್ಣ ಮನೇಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. 100 ಗ್ರಾಂ ಲಡಿಗೆ 1 ಗ್ರಾಂ ಪುಡಿ ಹಾಕಿದ್ರೆ ಮಧ್ಯಮ ಬಣ್ಣ, 2 ಗ್ರಾಂ ಹಾಕಿದ್ರೆ ಗಾಢ, ಕಪ್ಪಿಗೆ ಇನ್ನೂ ಜಾಸ್ತಿ. ಅಡುಗೆ ತಕ್ಕಡೀಲಿ 1 ಗ್ರಾಂ ತೂಗೋಕೆ ಹೋದ್ರೆ ಸುಮ್ನೆ ಊಹೆ ಆಗುತ್ತೆ, ಅದಕ್ಕೆ 10 ಗ್ರಾಂ ಪುಡೀನ ಬಿಸಿ ನೀರಲ್ಲಿ ಕಲಸಿ ಒಟ್ಟು 1 ಲೀಟರ್ ಆಗೋ ಹಾಗೆ ಮಾಡಿ ಬಾಟಲಿಗೆ ತುಂಬಿ ಇಡಿ. ಆಮೇಲೆ 100 ಎಂಎಲ್ ಅಂದ್ರೆ 1 ಗ್ರಾಂ, ಔಷಧಿ ಅಂಗಡಿ ಸಿರಿಂಜಲ್ಲಿ ಅಳೆದು ಹಾಕ್ತಾ ಹೋಗಿ. ಸ್ನೇಹಿತರ ಗುಂಪಿಗೆ ಇದೇ ಅನುಕೂಲ, ಕೆಂಪು ಹಳದಿ ನೀಲಿ ಮೂರು ಬಾಟಲಿ ಮಧ್ಯಕ್ಕಿಟ್ರೆ ಯಾರಿಗೆ ಬೇಕಾದ ಬಣ್ಣ ಅವರೇ ಮಾಡ್ಕೋತಾರೆ, ಬರೆದಿಟ್ಕೊಂಡ್ರೆ ಮುಂದಿನ ಸಲ ಅದೇ ಬಣ್ಣ ಹೆಚ್ಚುಕಮ್ಮಿ ಹಾಗೇ ಬರುತ್ತೆ.

ಮಾಡೋ ಬಗೆ ಎರಡಿದೆ, ಆಯ್ಕೆ ಮಾಡ್ಬೇಕಾದ್ದು ಇಲ್ಲೂ ಇದೆ. ಒಂದು, ದೊಡ್ಡ ಪಾತ್ರೇಲಿ ಮುಳುಗಿಸೋದು. ಮುಂಚೆನೇ ಅರ್ಧ ಗಂಟೆ ನೆನೆಸಿಟ್ಟ ಲಡೀನ ಉಗುರುಬೆಚ್ಚಗಿನ ಬಣ್ಣದ ನೀರಿಗೆ ಬಿಟ್ಟು, ನಿಧಾನಕ್ಕೆ ಬಿಸಿ ಏರಿಸಿ, 85-90 ಡಿಗ್ರಿ ಹತ್ರ, ಅಂದ್ರೆ ಹಬೆ ಆಡ್ತಿರ್ಬೇಕು, ಕೊತಕೊತ ಕುದೀಬಾರ್ದು, ಅರ್ಧ ಮುಕ್ಕಾಲು ಗಂಟೆ ಇಡೋದು. ನಡುವೆ 100 ಗ್ರಾಂ ನೂಲಿಗೆ ಒಂದು ಟೀ ಚಮಚ ನಿಂಬೆ ಉಪ್ಪು. ಆಗೊಮ್ಮೆ ಈಗೊಮ್ಮೆ ಸ್ಟೀಲ್ ಚಮಚದಲ್ಲಿ ಆ ನೀರು ಸ್ವಲ್ಪ ತೆಗೆದು ಬಿಳಿ ಪಿಂಗಾಣಿ ಕಪ್ಪಿಗೆ ಹಾಕಿ ನೋಡಿ, ಮೊದ್ಲು ಕುಂಕುಮದ ನೀರಿನ ಹಾಗಿದ್ದದ್ದು ಆಮೇಲಾಮೇಲೆ ತಿಳಿ ಗುಲಾಬಿ, ಕೊನೆಗೆ ಬರೀ ನೀರು. ಪಾತ್ರೇಲಿದ್ದ ಬಣ್ಣ ಅಷ್ಟೂ ನೂಲೊಳಗೆ ಹೋಗಿರುತ್ತೆ. ಮೊದಲ ಸಲ ನೋಡೋರು ಯಾರೇ ಆಗ್ಲಿ ಬಾಯ್ಬಿಟ್ಕೊಂಡು ನಿಂತ್ಕೋತಾರೆ. ಹಾಗೇ ನೀರು ತಿಳಿಯಾದ್ಮೇಲೆ ತೊಳೆಯೋ ಕೆಲಸಾನೂ ಕಮ್ಮಿ, ಬೇಸಿಗೇಲಿ ನೀರಿಗೆ ತತ್ವಾರ ಇರೋ ಬಡಾವಣೆಯೋರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಬಗೆ, ಲಡೀನ ಹುಳಿ ನೀರಲ್ಲಿ ನೆನೆಸಿ ಹಿಂಡಿ, ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದ್ರ ಮೇಲೆ ಉದ್ದಕ್ಕೆ ಹರಡಿ ಅಲ್ಲಲ್ಲಿ ಬೇರೆ ಬೇರೆ ಬಣ್ಣ ಸುರಿದು ಬೆರಳಲ್ಲಿ ಒತ್ತೋದು, ಆಮೇಲೆ ಕ್ಲಿಂಗ್ ಫಿಲ್ಮಲ್ಲಿ ಸುತ್ತಿ ಸುರುಳಿ ಮಾಡಿ ಅರ್ಧ ಗಂಟೆ ಮೇಲೆ ಹಬೇಲಿ ಬೇಯಿಸೋದು. ಹಳೇ ಇಡ್ಲಿ ಪಾತ್ರೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ, ಆದ್ರೆ ಒಂದ್ಸಲ ಇದಕ್ಕೆ ಅಂತ ಇಳಿಸಿದ್ಮೇಲೆ ಮತ್ತೆ ಅದ್ರಲ್ಲಿ ಇಡ್ಲಿ ಬೇಯಿಸೋ ಹಾಗಿಲ್ಲ, ಅಮ್ಮ ಅತ್ತೆ ಯಾರದ್ದು ಅಂತ ಮುಂಚೆನೇ ಕೇಳಿ ಇಸ್ಕೊಳ್ಳಿ. ಗುಂಪಲ್ಲಿ ಕೂತು ಮಾಡೋಕೆ ಈ ಎರಡನೇದೇ ಚೆಂದ, ಎಲ್ರ ಕೈಗೂ ಕೆಲಸ ಇರುತ್ತೆ, ಮಾತಾಡ್ಕೊಂಡು ಮಾಡ್ಬಹುದು, ಒಂದೇ ಇಡ್ಲಿ ಪಾತ್ರೇಲಿ ಮೂರ್ನಾಲ್ಕು ಜನರ ಸುರುಳಿ ಹಿಡಿಯುತ್ತೆ. ಪಾತ್ರೆ ಬಗೇಲಿ ಒಂದು ಸಲಕ್ಕೆ ಒಂದೇ ಬಣ್ಣ, ಉಳಿದೋರು ಕಾಫಿ ಕುಡೀತಾ ಕೂರ್ಬೇಕು.

ಎರಡಕ್ಕೂ ಒಂದೇ ಎಚ್ಚರಿಕೆ: ಬಿಸಿ ಉಣ್ಣೇನ ನಲ್ಲಿ ಕೆಳಗೆ ಹಿಡೀಬೇಡಿ. ಬಿಸಿ-ತಣ್ಣೀರು ತಟ್ಟಂತ ಬದಲಾದ್ರೆ, ಅದ್ರ ಜೊತೆ ತಿಕ್ಕಾಟ ಸೇರಿದ್ರೆ ಉಣ್ಣೆ ಕಂಬಳಿ ಹಾಗೆ ಗಂಟಾಗುತ್ತೆ. ಪಾತ್ರೆ ಮುಚ್ಚಿ ರಾತ್ರಿ ಪೂರ್ತಿ ಬಿಟ್ರೆ ಅರ್ಧ ಸಮಸ್ಯೆ ಇರಲ್ಲ. ಸೂಪರ್‌ವಾಷ್ ಅಂತ ಬರೆದಿರೋ ಉಣ್ಣೆ ಗಂಟಾಗಲ್ಲ, ಬಣ್ಣಾನೂ ಬೇಗ, ಗಾಢವಾಗಿ ಹಿಡಿಯುತ್ತೆ, ಹೊಸಬರಿಗೆ ಅದೇ ವಾಸಿ. ರೇಷ್ಮೆಗೆ ಬಿಸಿ ಇನ್ನೂ ಸ್ವಲ್ಪ ಕಮ್ಮಿ ಇರ್ಲಿ, 85ರ ಒಳಗೇ, ಕುದಿಸಿದ್ರೆ ಹೊಳಪು ಹೋಗುತ್ತೆ.

ಪುಡಿ ಬಿಚ್ಚೋವಾಗ ಮಾಸ್ಕ್, ಕೈಗೆ ಗ್ಲೌಸ್, ಫ್ಯಾನ್ ಆಫ್. ಮಕ್ಕಳು ಆಚೆ. ಅಡುಗೆಮನೆ ಪಾತ್ರೆ ಮತ್ತೆ ಅಡುಗೆಗೆ ಇಲ್ಲ. ಇಷ್ಟಕ್ಕೆ ಒಪ್ಪಿಗೆ ಇಲ್ಲ ಅಂದ್ರೆ ಫುಡ್ ಕಲರ್‌ಗೇ ವಾಪಸ್ ಹೋಗಿ.

ಹತ್ತಿ ನೂಲಿದ್ರೆ ರಿಯಾಕ್ಟಿವ್ ಡೈ

ಮೈಸೂರು ಮಂಡ್ಯದ ಹವೆಗೆ ಉಣ್ಣೆ ಶಾಲು ಹೊದೆಯೋ ದಿನಗಳು ಎಷ್ಟು ಅಂತ ಲೆಕ್ಕ ಹಾಕಿದ್ರೆ ಹತ್ತಿನೇ ಬುದ್ಧಿವಂತಿಕೆ, ಒಪ್ಕೋತೀನಿ. ಹತ್ತಿಗೆ ರಿಯಾಕ್ಟಿವ್ ಡೈ, ಟೈ-ಡೈ ಕಿಟ್ ಅಂತ ಬರೋದ್ರಲ್ಲಿ ಬಹಳಷ್ಟು ಇದೇ. ಒಲೆ ಬೇಡ, ಗ್ಯಾಸ್ ಬೇಡ, ತಾರಸಿ ಮೇಲೆ ಹತ್ತು ಜನ ಒಟ್ಟಿಗೆ ಕೂತ್ಕೊಂಡು ಮಾಡ್ಬಹುದು. ನೂಲನ್ನ ಮೊದ್ಲು ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಚೆನ್ನಾಗಿ ಕುದಿಸಿ ಮೇಣ ಜಿಡ್ಡು ತೆಗೆದಿರ್ಬೇಕು (ಇದೊಂದಕ್ಕೆ ಒಲೆ ಬೇಕು, ಹಿಂದಿನ ದಿನವೇ ಮುಗಿಸಿ), ಆಮೇಲೆ ಸೋಡಾ ಆಶ್ ಕರಗಿಸಿದ ನೀರಲ್ಲಿ ನೆನೆಸಿ ಹಿಂಡಿ, ಬಣ್ಣ ಹಾಕಿ, ಪ್ಲಾಸ್ಟಿಕ್ಕಲ್ಲಿ ಸುತ್ತಿ ಬೆಳಗಿನವರೆಗೂ ಬಿಡೋದು. ನಮ್ ಬಿಸಿಲಿಗೆ ಕೆಲಸ ಚೆನ್ನಾಗಿ ಆಗುತ್ತೆ. ಅಡುಗೆ ಸೋಡಾ ಬದ್ಲಿ ಹಾಕ್ಬಹುದಾ ಅಂತ ಕೇಳ್ಬೇಡಿ, ಅದ್ರಲ್ಲಿ ಅಷ್ಟು ಕ್ಷಾರ ಇಲ್ಲ.

ಬಣ್ಣ ಗಟ್ಟಿ. ಒಂದ್ಸಲ ಹಿಡಿದಿದ್ದು ವರ್ಷಗಟ್ಟಲೆ ಒಗೆದ್ರೂ ಇರುತ್ತೆ. ಆದ್ರೆ ಹಿಡೀದೇ ಉಳಿದಿದ್ದನ್ನ ತೊಳೆದು ತೆಗೆಯೋದಿದೆಯಲ್ಲ, ಅಲ್ಲೇ ಇದ್ರ ಶಾಪ. ಮೊದ್ಲು ತಣ್ಣೀರಲ್ಲಿ ಸೋಡಾ ಹೋಗೋವರೆಗೂ, ಆಮೇಲೆ ಚೆನ್ನಾಗಿ ಬಿಸಿ ನೀರಲ್ಲಿ, ಮತ್ತೆ ಮತ್ತೆ. ಬಕೆಟ್ ಗಟ್ಟಲೆ ನೀರು. ಕೆಂಪು, ಕಡು ನೀಲಿ ಹಾಕಿದೋರಿಗೆ ಇನ್ನೂ ಜಾಸ್ತಿ. ಸೋಡಾ ಬೆರೆಸಿದ ಬಣ್ಣ ಕೆಲವೇ ಗಂಟೇಲಿ ಶಕ್ತಿ ಕಳ್ಕೊಳ್ಳುತ್ತೆ, ಉಳಿದಿದ್ದನ್ನ ನಾಳೆಗೆ ಅಂತ ಎತ್ತಿಡೋಕೂ ಆಗಲ್ಲ. ಕಾವೇರಿ ನೀರು ಧಾರಾಳವಾಗಿ ಬರೋ ಮನೆ ಆದ್ರೆ ಸರಿ, ಟ್ಯಾಂಕರ್ ತರಿಸೋ ಮನೇಲಿ ಈ ಸಾಹಸ ಬೇಡ.

ಸೀರೆ, ಲಂಗಕ್ಕೆ ಬಣ್ಣ ಹಾಕೋಕೆ ಅಂತ ಸಣ್ಣ ಪ್ಯಾಕೆಟಲ್ಲಿ ಸಿಗುತ್ತಲ್ಲ, ಉಪ್ಪು ಹಾಕಿ ಕುದಿಸೋದು, ಅದು ಸಾಮಾನ್ಯವಾಗಿ ಡೈರೆಕ್ಟ್ ಡೈ. ಅಗ್ಗ, ಸುಲಭ, ಆದ್ರೆ ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತೆ. ಗೋಡೆಗೆ ನೇತಾಕೋ ಮ್ಯಾಕ್ರಮೆಗೆ ಸಾಕು, ಮೈಗೆ ಹಾಕೋದಕ್ಕೆ ಬೇಡ. ರಂಗೋಲಿ ಬಣ್ಣ, ಮೈಸೂರಿನ ದೇವರಾಜ ಮಾರ್ಕೆಟಲ್ಲಿ ಗೋಪುರ ಮಾಡಿ ಇಟ್ಟಿರೋ ಬಣ್ಣದ ಪುಡಿ ಇವೆಲ್ಲಾ ನೋಡೋಕೆ ಸೊಗಸು ಅಷ್ಟೇ, ನೂಲಿಗೆ ಹಿಡಿಯಲ್ಲ, ಉದುರುತ್ತೆ.

ಸಿಪ್ಪೆ, ಹೂವು, ಬೇರು

ಎಲ್ರಿಗೂ ಮೊದ್ಲು ಆಸೆ ಆಗೋದು ಇದ್ರ ಮೇಲೇ. ನ್ಯಾಚುರಲ್ ಅಲ್ವಾ, ಅಪಾಯ ಇಲ್ಲ, ಸುಲಭ ಅಂತ. ಸುಲಭ ಅಂತೂ ಅಲ್ಲ. ಈ ನಾಲ್ಕರಲ್ಲಿ ಜಾಸ್ತಿ ತಾಳ್ಮೆ, ಜಾಸ್ತಿ ಗ್ಯಾಸು, ಜಾಸ್ತಿ ಹೊತ್ತು ಕೇಳೋದು ಇದೇ. ಆದ್ರೆ ಇದ್ರಲ್ಲಿ ಬರೋ ಬಣ್ಣ ಪ್ಯಾಕೆಟ್ಟಲ್ಲಿ ಬರಲ್ಲ, ಅದಕ್ಕೇ ಕೈ ಬಿಡೋಕೂ ಮನಸ್ಸಾಗಲ್ಲ.

ಸುಮ್ನೆ ಕುದಿಸಿದ್ರೆ ಹೆಚ್ಚಿನವು ನಿಲ್ಲಲ್ಲ, ಮೊದ್ಲು ನೂಲಿಗೆ ಪಟಿಕ ಹಿಡಿಸ್ಬೇಕು. ಉಣ್ಣೆ ರೇಷ್ಮೆಗೆ 100 ಗ್ರಾಂಗೆ 10-15 ಗ್ರಾಂ ಪಟಿಕ ಕರಗಿಸಿ ಬೆಚ್ಚಗಿಟ್ಟು ನೆನೆಸಿದ್ರೆ ಆಯ್ತು. ಹತ್ತಿಗೆ ಅದೊಂದೇ ಸಾಲಲ್ಲ, ಅದಕ್ಕಿಂತ ಮುಂಚೆ ಅಳಲೆಕಾಯಿ ಪುಡಿ ನೀರಲ್ಲೋ ದಾಳಿಂಬೆ ಸಿಪ್ಪೆ ಕಷಾಯದಲ್ಲೋ ನೆನೆಸಿ ಒಗರು ಹಿಡಿಸ್ಬೇಕು. ಪಟಿಕ, ಅಳಲೆಕಾಯಿ, ಮಂಜಿಷ್ಠ ಇವೆಲ್ಲಾ ಗ್ರಂಥಿಗೆ ಅಂಗಡೀಲಿ ಕೇಳಿ. ಅನ್ನಭೇದಿ, ಅಂದ್ರೆ ಕಬ್ಬಿಣದ ಉಪ್ಪು, ಚೂರೇ ಚೂರು ಸಾಕು, 100 ಗ್ರಾಂ ನೂಲಿಗೆ 1-2 ಗ್ರಾಂ ಅಷ್ಟೇ. ದಾಳಿಂಬೆ ಹಳದೀನ ಅದು ಕಣ್ಣೆದುರಿಗೇ ಬೂದು-ಕಪ್ಪು ಮಾಡುತ್ತೆ. ಜಾಸ್ತಿ ಆದ್ರೆ ನೂಲು ಪಿಸಿಯುತ್ತೆ, ಮಕ್ಕಳ ಬಾಯಿಗೆ ಹೋದ್ರೆ ಅಪಾಯ, ಬೀರು ಮೇಲೆ ಇಡಿ. ಮೈಲುತುತ್ತ, ಅಂದ್ರೆ ತಾಮ್ರದ ಉಪ್ಪು, ಹಾಕಿದ್ರೆ ಹಸಿರು ಚೆನ್ನಾಗಿ ಬರುತ್ತೆ ಅಂತ ಕೆಲವರು ಹೇಳ್ತಾರೆ, ಬರುತ್ತೆ, ಆದ್ರೆ ವಿಷ, ಮೋರಿಗೆ ಸುರಿಯೋಕೂ ಆಗಲ್ಲ, ನಮ್ಮನೇಗೆ ಅದು ಬೇಡ.

ಯಾವ್ದು ನಿಲ್ಲುತ್ತೆ ಯಾವ್ದು ಇಲ್ಲ ಅನ್ನೋದು ಇಲ್ಲಿ ಮುಖ್ಯ. ಈರುಳ್ಳಿ ಸಿಪ್ಪೆ ಚಿನ್ನದಿಂದ ಕಿತ್ತಳೆ-ಕಂದು, ನೂಲಿನ ತೂಕದಷ್ಟೇ ಒಣ ಸಿಪ್ಪೆ ಇದ್ರೆ ಸಾಕು, ತರಕಾರಿ ಗಾಡಿಯೋರನ್ನ ಕೇಳಿದ್ರೆ ಚೀಲ ತುಂಬಿ ಕೊಡ್ತಾರೆ. ಚೆಂಡು ಹೂವು ಒಳ್ಳೇ ಹಳದಿ. ಆಯುಧಪೂಜೆ ಮಾರನೇ ದಿನ ಬೈಕು ಕಾರು ಆಟೋ ಮೇಲೆ ಬಾಡ್ತಿರೋ ಹಾರ ಎಲ್ಲಾ ಕಸಕ್ಕೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಬೀದಿಯೋರಿಗೆ ಹೇಳಿಟ್ಟು ಕೂಡಿಸಿ, ದಾರ ತೆಗೆದು ನೆರಳಲ್ಲಿ ಒಣಗಿಸಿ ಇಟ್ರೆ ತಿಂಗಳುಗಟ್ಟಲೆ ಬರುತ್ತೆ. ಮಂಜಿಷ್ಠದ ಬೇರು ಇಟ್ಟಿಗೆ ಕೆಂಪು, ಇದಕ್ಕೆ ಮಾತ್ರ ಬೋರ್‌ವೆಲ್ಲಿನ ಗಡಸು ನೀರೇ ಲೇಸು, ಅದ್ರಲ್ಲಿರೋ ಸುಣ್ಣದಂಶ ಕೆಂಪನ್ನ ಎತ್ತಿ ಹಿಡಿಯುತ್ತೆ. ಅರಿಶಿನ ಪಟಿಕ ಇಲ್ದೇನೂ ಝಗ್ ಅಂತ ಹಿಡಿಯುತ್ತೆ, ಆದ್ರೆ ಬಿಸಿಲಿಗೆ ನಿಲ್ಲಲ್ಲ, ಸೋಪು ತಾಗಿದ್ರೆ ಕೆಂಪಾಗುತ್ತೆ, ಆರತಿ ನೀರಿಗೆ ಸುಣ್ಣ ಹಾಕಿದಾಗ ಓಕುಳಿ ಆಗೋದು ಇದೇ ಕಾರಣಕ್ಕೆ. ಬೀಟ್‌ರೂಟ್, ಶಂಖಪುಷ್ಪ ಇವೆರಡ್ರ ಆಸೆ ಬಿಟ್ಬಿಡಿ. ಪಾತ್ರೇಲಿ ಎಷ್ಟು ಚೆಂದ ಕಾಣುತ್ತೋ ಅಷ್ಟೇ ಬೇಗ ನೂಲಿಂದ ಮಾಯ.

ನೀಲಿ ಬೇಕು ಅಂದ್ರೆ ಇಂಡಿಗೋ, ಅದ್ರ ದಾರಿನೇ ಬೇರೆ. ಅದು ನೀರಲ್ಲಿ ಕರಗಲ್ಲ, ಸುಣ್ಣ, ಹಣ್ಣಿನ ಸಕ್ಕರೆ ಹಾಕಿ ಬೆಚ್ಚಗಿಟ್ಟು ಆಮ್ಲಜನಕ ತೆಗೆದಾಗ ಮಾತ್ರ ಕರಗುತ್ತೆ. ಒಂದು ಪಾಲು ಇಂಡಿಗೋ, ಎರಡು ಪಾಲು ಸುಣ್ಣ, ಮೂರು ಪಾಲು ಫ್ರಕ್ಟೋಸ್ (ಅದೇ ಹಣ್ಣಿನ ಸಕ್ಕರೆ) ಅನ್ನೋ ಲೆಕ್ಕ ಚಾಲ್ತಿಯಲ್ಲಿದೆ. ಹಳೇ ಕಾಲದ ತೊಟ್ಟಿಗಳಲ್ಲಿ ಬೆಲ್ಲ, ತಗಚೆ ಬೀಜ ಹಾಕ್ತಿದ್ರು, ಬೆಲ್ಲಕ್ಕೆ ಮಂಡ್ಯದೋರು ಯಾರ ಮನೆ ಬಾಗ್ಲಿಗೂ ಹೋಗ್ಬೇಕಾಗಿಲ್ಲ ಬಿಡಿ. ತೊಟ್ಟಿಯಿಂದ ನೂಲು ಎತ್ತಿದಾಗ ಹಳದಿ-ಹಸಿರು, ಗಾಳಿ ತಾಗ್ತಾ ತಾಗ್ತಾ ಅಂಚಿಂದ ಶುರುವಾಗಿ ನೀಲಿ ಹರಡುತ್ತೆ, ಎರಡೇ ನಿಮಿಷ. ಗಾಢ ಬೇಕಂದ್ರೆ ಮತ್ತೆ ಅದ್ದಿ ಮತ್ತೆ ಗಾಳಿಗೆ. ಹತ್ತಿಗೆ ಸುಣ್ಣದ ತೊಟ್ಟಿ ಒಗ್ಗುತ್ತೆ, ಉಣ್ಣೆಗೆ ಅಲ್ಲ. ತರಿಸೋವಾಗ ಹುಷಾರು, ತಲೆಗೂದಲಿಗೆ ಅಂತ ಹಸಿರು ಪುಡಿ ಮಾರ್ತಾರಲ್ಲ, ಅದು ಬರೀ ಒಣ ಎಲೆ, ತೊಟ್ಟಿಗೆ ಬೇಕಾಗಿರೋದು ಕಡು ನೀಲಿ ಬಿಲ್ಲೆ ಅಥವಾ ಪುಡಿ.

ಈ ದಾರಿ ಹಿಡಿಯೋರು ಮೇಲುಕೋಟೆಗೆ ಹೋದಾಗ ಜನಪದ ಸೇವಾ ಟ್ರಸ್ಟಿನೋರ ಖಾದಿ ನೋಡಿ, ಸಹಜ ಬಣ್ಣದ ಕೆಲಸ ಅಲ್ಲಿದೆ. ಸಾಗರದ ಹತ್ರ ಹೆಗ್ಗೋಡಿನ ಚರಕ ಅನ್ನೋ ಮಹಿಳಾ ಸಹಕಾರ ಸಂಘದೋರು ಅಡಿಕೆ ಚೊಗರಿಂದ (ಅಡಿಕೆ ಬೇಯಿಸಿದಾಗ ಉಳಿಯೋ ಕಂದು ನೀರಿಂದ) ಬಣ್ಣ ಕಟ್ಟೋದು ಹೆಸರುವಾಸಿ. ಕೊಳ್ಳದಿದ್ರೂ ಪರವಾಗಿಲ್ಲ, ಗಿಡದ ಬಣ್ಣ ಎಷ್ಟು ಮೆತ್ತಗೆ ಇರುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತೆ, ಆಮೇಲೆ ಮನೇಲಿ ಬಂದ ಬಣ್ಣ ನೋಡಿ ಡಲ್ ಅಂತ ಬೇಜಾರಾಗಲ್ಲ.

ಹಾಗಾದ್ರೆ ನಿಮ್ಗೆ ಯಾವ್ದು

ಅಪಾರ್ಟ್‌ಮೆಂಟ್, ಮೂರ್ನಾಲ್ಕು ಜನ, ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು ಅಂದ್ರೆ ಉಣ್ಣೆ ಮತ್ತು ಆಸಿಡ್ ಡೈ, ಇಡ್ಲಿ ಪಾತ್ರೆ ಬಗೆ. ನನ್ನ ಓಟು ಇದಕ್ಕೇ. ಮಕ್ಕಳು ಇದ್ರೆ ಅದನ್ನೇ ಫುಡ್ ಕಲರ್‌ನಲ್ಲಿ. ತಾರಸಿ ಇದೆ, ನೀರಿದೆ, ಜನ ಜಾಸ್ತಿ ಅಂದ್ರೆ ಹತ್ತಿ ಮತ್ತು ರಿಯಾಕ್ಟಿವ್. ಹಳ್ಳಿ ಮನೆ, ಹಿತ್ತಲು, ಸೌದೆ ಒಲೆ, ಹಳೇ ಸ್ಟೀಲ್ ಹಂಡೆ, ಎರಡು ದಿನ ಉಳ್ಕೊಳ್ಳೋ ಸ್ನೇಹಿತರು ಇದ್ದಾರೆ ಅಂದ್ರೆ ಮಾತ್ರ ಸಿಪ್ಪೆ ಬೇರು ಹಿಡ್ಕೊಳ್ಳಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಹಂಡೆ ಬಣ್ಣಾನ ಬದಲಾಯಿಸಿಬಿಡುತ್ತೆ, ಬೇಕೂಂತ್ಲೇ ಹಾಗೆ ಮಾಡೋದಾದ್ರೆ ಬೇರೆ ಮಾತು. ಜೂನ್ ಜುಲೈ ಸೋನೆ ಮಳೇಲಿ ಯಾವ್ದೂ ಬೇಡ, ದಪ್ಪ ಹತ್ತಿ ಲಡಿ ಒಣಗೋಕೆ ದಿನಗಟ್ಟಲೆ ತಗೊಂಡು ಮುಗ್ಗಲು ವಾಸನೆ ಹೊಡೆಯುತ್ತೆ.

ಯಾವ್ದನ್ನೇ ಆರಿಸಿದ್ರೂ ಲಡೀನ ಬಣ್ಣಕ್ಕೆ ಇಳಿಸೋ ಮುಂಚೆ ನಾಲ್ಕು ಕಡೆ ಸಡಿಲವಾಗಿ ಎಂಟರ ಆಕಾರದಲ್ಲಿ ದಾರ ಕಟ್ಟಿ, ಬಿಗಿಯಾಗಿ ಕಟ್ಟಿದ್ರೆ ಆ ಜಾಗಕ್ಕೆ ಬಣ್ಣ ಹೋಗಲ್ಲ, ಕಟ್ದೇ ಇದ್ರೆ ಸಿಕ್ಕು ಬಿಡಿಸೋದ್ರಲ್ಲೇ ಸಂಜೆ ಆಗುತ್ತೆ. ಮತ್ತೆ ಶಾಲು, ಸ್ವೆಟರ್ ಥರ ದೊಡ್ಡದು ಹಾಕೋ ಆಲೋಚನೆ ಇದ್ರೆ ಅದಕ್ಕೆ ಬೇಕಾದ ಅಷ್ಟೂ ಲಡೀನ ಒಂದೇ ಪಾತ್ರೇಲಿ ಒಟ್ಟಿಗೆ ಹಾಕಿ, ಅಥ್ವಾ ಎರಡು ಪಾತ್ರೆ ಆದ್ರೆ ಹೆಣೆಯೋವಾಗ ಎರಡು ಸಾಲು ಇದ್ರದ್ದು ಎರಡು ಸಾಲು ಅದ್ರದ್ದು ಅಂತ ಬದಲಾಯಿಸ್ತಾ ಹೋಗಿ, ವ್ಯತ್ಯಾಸ ಗೊತ್ತಾಗಲ್ಲ.